ತೋರಿಸಿದ ಚಿತ್ರವೇ ಕೊಟ್ಟ ಮಾತಾದಾಗ

ವಿಡಿಯೊ ಗೇಮ್ ಕೈಗೆ ಸಿಗುವ ಮುನ್ನವೇ ಅದರ ಮೇಲೆ ಸಿಟ್ಟಾಗುವ ರೂಢಿ ಮೊದಲಿನಿಂದ ಇದ್ದದ್ದಲ್ಲ. 1982ರ ಕ್ರಿಸ್‌ಮಸ್ ಹೊತ್ತಿಗೆ ಅಟಾರಿ ಕಂಪನಿ ‘ಇ.ಟಿ.’ ಆಟವನ್ನು ಅಂಗಡಿಗೆ ಕಳಿಸಿದಾಗ ಸ್ಪೀಲ್‌ಬರ್ಗ್ ಸಿನಿಮಾದ ಹೆಸರೇ ಅದಕ್ಕೆ ದೊಡ್ಡ ಜಾಹೀರಾತಾಗಿತ್ತು. ಆಟ ರೂಪಿಸಿದ ಹೋವರ್ಡ್ ಸ್ಕಾಟ್ ವಾರ್ಷಾ ಅದನ್ನು ಸುಮಾರು 5 ವಾರಗಳಲ್ಲಿ ಮುಗಿಸಬೇಕಾಗಿ ಬಂದಿತ್ತು. ಜನ ಕೊಂಡರು, ಆಡಿದರು, ಆಮೇಲೆ ಬೇಸರಪಟ್ಟರು. ಮಾರಾಟವಾಗದೆ ಉಳಿದ ಕಾರ್ಟ್ರಿಜ್‌ಗಳಲ್ಲಿ ಒಂದಷ್ಟನ್ನು 1983ರಲ್ಲಿ ನ್ಯೂ ಮೆಕ್ಸಿಕೊದ ಅಲಮೊಗೊರ್ಡೊದಲ್ಲಿ ಹೂಳಲಾಯಿತು.

1990ರ ದಶಕದಲ್ಲಿ ಈ ಕ್ರಮ ಬದಲಾಯಿತು. ಗೇಮ್ ಪತ್ರಿಕೆಗಳು ಬೆಳೆದವು. 1995ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಇ3 ಎಂಬ ಗೇಮ್ ಮೇಳ ಶುರುವಾಯಿತು. ಆಟ ಅರ್ಧ ಆಗಿರುವಾಗಲೇ ಅದನ್ನು ತೋರಿಸಿ ಆಸೆ ಹುಟ್ಟಿಸುವುದು ವ್ಯಾಪಾರದ ಭಾಗವಾಯಿತು. ‘ಡೂಮ್’ ಖ್ಯಾತಿಯ ಜಾನ್ ರೊಮೆರೊ ಅವರ ‘ಡೈಕಟಾನಾ’ಕ್ಕೆ 1997ರಲ್ಲಿ ಬಂದ ಜಾಹೀರಾತು ಆಟದ ಒಂದು ಚಿತ್ರವನ್ನೂ ತೋರಿಸದೆ, ಓದುಗರನ್ನು ಬೈಗುಳದ ಧಾಟಿಯಲ್ಲಿ ಕೆಣಕಿತು. ಆ ವರ್ಷವೇ ಬರಬೇಕಿದ್ದ ಆಟ ಬಂದದ್ದು 2000ದಲ್ಲಿ. ಅಷ್ಟರಲ್ಲಿ ಅದನ್ನು ಪ್ರೀತಿಯಿಂದ ಕಾಯುವವರು ಹೆಚ್ಚು ಉಳಿದಿರಲಿಲ್ಲ.

ತೋರಿಸಿದ್ದಕ್ಕೂ ಕೊಟ್ಟದ್ದಕ್ಕೂ ನಡುವಿನ ಅಂತರ ಸ್ಪಷ್ಟವಾಗಿ ಕಾಣುವುದು ಜಪಾನಿನ ನಿಂಟೆಂಡೊ ಕಂಪನಿಯ ‘ಜೆಲ್ಡಾ’ ಸರಣಿಯಲ್ಲಿ. 2000ದ ಆಗಸ್ಟಿನಲ್ಲಿ ಸ್ಪೇಸ್ ವರ್ಲ್ಡ್ ಪ್ರದರ್ಶನದಲ್ಲಿ ನಾಯಕ ಲಿಂಕ್ ಮತ್ತು ಖಳ ಗ್ಯಾನನ್‌ಡಾರ್ಫ್ ಕತ್ತಿ ಹಿಡಿದು ಕಾದಾಡುವ ತುಣುಕೊಂದು ಬಂತು. ನೈಜತೆಗೆ ಹತ್ತಿರವಾದ ಆ ತುಣುಕು ಕೆಲವೇ ಸೆಕೆಂಡಿನದು. ಕಂಪನಿಯ ಹೊಸ ಗೇಮ್ ಯಂತ್ರದ ಸಾಮರ್ಥ್ಯ ತೋರಿಸುವುದಷ್ಟೇ ಅದರ ಕೆಲಸವಾಗಿತ್ತು. ಅಭಿಮಾನಿಗಳು ಮಾತ್ರ ಅದನ್ನೇ ಮುಂದಿನ ಆಟವೆಂದು ನಂಬಿದರು. ಮರುವರ್ಷ ಅದೇ ವೇದಿಕೆಯ ಮೇಲೆ ದೊಡ್ಡ ಕಣ್ಣಿನ, ಕಾರ್ಟೂನ್ ಮೈಕಟ್ಟಿನ ಪುಟ್ಟ ಲಿಂಕ್ ಕಾಣಿಸಿಕೊಂಡಾಗ ಮೋಸ ಹೋದೆವೆಂಬ ಕೂಗೆದ್ದಿತು. ಆ ಕಾರ್ಟೂನ್ ಶೈಲಿಯನ್ನು ಅಣಕಿಸುವ ‘ಸೆಲ್ಡಾ’ ಎಂಬ ಅಡ್ಡಹೆಸರೂ ಹುಟ್ಟಿತು. 2002ರ ಡಿಸೆಂಬರಿನಲ್ಲಿ ಬಂದ ‘ದಿ ವಿಂಡ್ ವೇಕರ್’ಗೆ ಜಪಾನಿನ ‘ಫಮಿತ್ಸು’ ಪತ್ರಿಕೆ 40ಕ್ಕೆ 40 ಅಂಕ ಕೊಟ್ಟಿತು. ಕಡಲು, ಗಾಳಿ, ದ್ವೀಪಗಳ ಆ ಚಿತ್ರಶೈಲಿ ಇಂದಿಗೂ ಹಳತೆನಿಸುವುದಿಲ್ಲ. ಆಡದೇ ಕೊಟ್ಟ ತೀರ್ಪು ಇಲ್ಲಿ ತಪ್ಪಾಗಿತ್ತು.

ಎಲ್ಲ ಸಿಟ್ಟೂ ಹಾಗೆ ತಪ್ಪಾಗಿರಲಿಲ್ಲ. ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಊರಿನ ಹಲೋ ಗೇಮ್ಸ್ ಎಂಬ ಸಣ್ಣ ತಂಡ 2013ರ ಡಿಸೆಂಬರಿನಲ್ಲಿ ‘ನೋ ಮ್ಯಾನ್ಸ್ ಸ್ಕೈ’ ಘೋಷಿಸಿತು. ಗಣಿತಸೂತ್ರದಿಂದ ಹುಟ್ಟುವ ಗ್ರಹಗಳ ಸಂಖ್ಯೆ 2ರ 64ನೇ ಘಾತದಷ್ಟು, ಅಂದರೆ 18ರ ಮುಂದೆ 18 ಸೊನ್ನೆ ಇಟ್ಟರೂ ಮೀರುವಷ್ಟು. ಸ್ಥಾಪಕ ಶಾನ್ ಮರ್ರಿ ಸಂದರ್ಶನಗಳಲ್ಲಿ ಉತ್ಸಾಹದಿಂದ ಮಾತಾಡುತ್ತ ಹೋದರು. ಆಟಗಾರರು ಒಬ್ಬರನ್ನೊಬ್ಬರು ಭೇಟಿಯಾಗಬಹುದೇ ಎಂದು ಕೇಳಿದರೆ, ಸಾಧ್ಯತೆ ತೀರಾ ಕಡಿಮೆ, ಆದರೆ ಆಗಬಹುದು ಎಂದರು. 2016ರ ಜೂನ್‌ನಿಂದ ಆಗಸ್ಟಿಗೆ ಬಿಡುಗಡೆ ಮುಂದೆ ಹೋದಾಗ ಅವರಿಗೆ ಕೊಲೆ ಬೆದರಿಕೆಗಳು ಬಂದವು. ಆ ಸುದ್ದಿ ಬರೆದ ಪತ್ರಕರ್ತರನ್ನೂ ಬಿಡಲಿಲ್ಲ. ಒಂದು ಆಟ ಆರೇಳು ವಾರ ತಡವಾದದ್ದಕ್ಕೆ ಜೀವದ ಮಾತೆತ್ತುವುದನ್ನು ಯಾವ ನಿರೀಕ್ಷೆಯೂ ಸಮರ್ಥಿಸಲಾರದು.

ಆಟ ಬಂದ ಮೊದಲ ದಿನವೇ ಇಬ್ಬರು ಆಟಗಾರರು ಮೊದಲೇ ಮಾತಾಡಿಕೊಂಡು ಒಂದೇ ಗ್ರಹದ ಒಂದೇ ಜಾಗಕ್ಕೆ ಬಂದು ನಿಂತರು. ಇಬ್ಬರ ಪರದೆಯನ್ನೂ ಜನ ನೇರಪ್ರಸಾರದಲ್ಲಿ ನೋಡುತ್ತಿದ್ದರು. ಒಬ್ಬರಿಗೆ ಇನ್ನೊಬ್ಬರು ಕಾಣಲೇ ಇಲ್ಲ. ದೂರುಗಳು ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರದವರೆಗೆ ಹೋದವು. ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಯ ಪುಟದಲ್ಲಿದ್ದ ಚಿತ್ರ, ವಿಡಿಯೊಗಳು ದಾರಿ ತಪ್ಪಿಸುವಂಥವಲ್ಲ ಎಂದು ನವೆಂಬರಿನಲ್ಲಿ ಅದು ತೀರ್ಮಾನಿಸಿತು. ಕಾನೂನಿಗೆ ಅಷ್ಟು ಸಾಕಿತ್ತು. ಸಂದರ್ಶನದ ಮಾತು ನಂಬಿ ದುಡ್ಡು ಕೊಟ್ಟವರಿಗೆ ಸಾಕಾಗಲಿಲ್ಲ. ತಂಡ ಮಾತು ನಿಲ್ಲಿಸಿ ಕೆಲಸಕ್ಕೆ ಕೂತಿತು. 2018ರ ಜುಲೈ ಅಪ್‌ಡೇಟ್‌ನಿಂದ ಆಟಗಾರರು ಒಬ್ಬರಿಗೊಬ್ಬರು ಕಾಣತೊಡಗಿದರು.

ಬಿಡುಗಡೆಗೆ ಮುನ್ನವೇ ಸಿಟ್ಟು ಫಲ ಕೊಟ್ಟ ಪ್ರಸಂಗ 2017ರದು. ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಆಟಕ್ಕೆ ಪೂರ್ತಿ ಬೆಲೆ ತೆತ್ತ ಮೇಲೂ ಮತ್ತೆ ಹಣ ಹಾಕಿದವರು ಬೇಗ ಮುಂದೆ ಹೋಗಬಹುದಿತ್ತು. ವಿರೋಧ ಎಷ್ಟು ಜೋರಾಯಿತೆಂದರೆ, ಇ.ಎ. ಕಂಪನಿ ಬಿಡುಗಡೆಯ ಮುನ್ನಾದಿನ ಆಟದೊಳಗಿನ ಖರೀದಿಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಿತು.

ಆಟ ಕೈಗೆ ಬಂದ ಮೇಲೆ ಸಿಟ್ಟೆದ್ದ ಪ್ರಸಂಗವೂ ಇದೆ. ಪೋಲೆಂಡಿನ ಸಿ.ಡಿ. ಪ್ರಾಜೆಕ್ಟ್ 2012ರಲ್ಲಿ ಘೋಷಿಸಿದ ‘ಸೈಬರ್‌ಪಂಕ್ 2077’ 2020ರ ಏಪ್ರಿಲ್‌ನಿಂದ ಸೆಪ್ಟೆಂಬರಿಗೆ, ಅಲ್ಲಿಂದ ನವೆಂಬರಿಗೆ, ಕೊನೆಗೆ ಡಿಸೆಂಬರ್ 10ಕ್ಕೆ ಹೋಯಿತು. 80 ಲಕ್ಷ ಪ್ರತಿಗಳಿಗೆ ಮುಂಗಡ ಬುಕಿಂಗ್ ಆಗಿತ್ತು. ವಿಮರ್ಶಕರಿಗೆ ಮೊದಲು ಸಿಕ್ಕಿದ್ದು ಪಿ.ಸಿ. ಆವೃತ್ತಿ ಮಾತ್ರ. ಹಳೆಯ ಪ್ಲೇಸ್ಟೇಷನ್ 4ರಲ್ಲಿ ಆಟ ಹೇಗೆ ತಡವರಿಸುತ್ತದೆ ಎಂಬುದು ಕೊಂಡವರಿಗೆ ಮನೆಯಲ್ಲೇ ತಿಳಿಯಿತು. ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಮಳಿಗೆಯಿಂದ ತೆಗೆದು, ಕೇಳಿದವರಿಗೆ ಹಣ ಮರಳಿಸಲು ಒಪ್ಪಿತು. ಹಲವು ಸುತ್ತಿನ ತಿದ್ದುಪಡಿಗಳ ಬಳಿಕ, 2021ರ ಜೂನ್‌ನಲ್ಲಿ ಆಟ ಮತ್ತೆ ಆ ಮಳಿಗೆಗೆ ಮರಳಿತು.