ಒಂದೇ ಲಾಟಿಗೆ ಹಲವು ದರ

1939ರಲ್ಲಿ ಶಿವಮೊಗ್ಗದಲ್ಲಿ ನಮ್ಮ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ (ಮ್ಯಾಮ್ಕೋಸ್) ಹುಟ್ಟಿದಾಗ, ಬೆಳೆದವನಿಗೆ ಧಾರಣೆ ಕೇಳುವ ಬಾಯಿಯೇ ಇರಲಿಲ್ಲ. ತೋಟದ ಖರ್ಚಿಗೆ, ಮನೆಯ ಮದುವೆಗೆ ಮಂಡಿಯಿಂದ ಮುಂಗಡ ತಂದವನು ಸುಗ್ಗಿಯಲ್ಲಿ ಅದೇ ಮಂಡಿಗೆ ಅಡಿಕೆ ಹಾಕಬೇಕು. ಅಲ್ಲಿ ಬರೆದದ್ದೇ ಬೆಲೆ.

ಸಾಗರ, ಹೊಸನಗರ, ತೀರ್ಥಹಳ್ಳಿಯ ತೋಟಗಳಿಗೆ ಮ್ಯಾಮ್ಕೋಸ್ ಕೊಟ್ಟದ್ದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಟೆಂಡರ್. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಲಾಟ್ ಇಡುತ್ತಾರೆ. ವ್ಯಾಪಾರಿಗಳು ಅಡಿಕೆ ಕೈಯಲ್ಲಿ ಹಿಡಿದು ನೋಡಿ, ಒಬ್ಬರ ದರ ಇನ್ನೊಬ್ಬರಿಗೆ ತಿಳಿಯದಂತೆ ಬರೆಯುತ್ತಾರೆ. ಹೆಚ್ಚು ಬರೆದವರಿಗೆ ಮಾಲು. ದರ ಹಿಡಿಸದಿದ್ದರೆ ಮಾರದೆ ಇಡಬಹುದು, ಇಟ್ಟ ಅಡಿಕೆಯ ಮೇಲೆ ಸಂಘವೇ ಮುಂಗಡ ಕೊಡುತ್ತದೆ. ಆ ಮುಂಗಡವಿಲ್ಲದಿದ್ದರೆ ಟೆಂಡರ್ ಬರೀ ಶಾಸ್ತ್ರವಾಗುತ್ತಿತ್ತು. ಕಾಯಲಾರದವನಿಗೆ ಪೈಪೋಟಿಯಿಂದ ಏನು ಸಿಕ್ಕೀತು?

ಬೆಳೆಗಾರರು ಒಟ್ಟಾಗಿ ಮಾರುವುದೇ ಪೈಪೋಟಿಗೆ ವಿರುದ್ಧವಲ್ಲವೇ ಎನ್ನುವವರಿದ್ದಾರೆ. ಯುರೋಪಿನವರಿಗೂ ಈ ಪ್ರಶ್ನೆ ಎದುರಾಗಿತ್ತು. 1957ರ ರೋಮ್ ಒಪ್ಪಂದದಲ್ಲಿ ಆರು ದೇಶಗಳು ತಮ್ಮ ನಡುವಿನ ಸುಂಕ ತೆಗೆಯಲು ಒಪ್ಪಿದವು. ಜೊತೆಗೇ, ಕಂಪನಿಗಳು ಒಳಗೊಳಗೆ ಬೆಲೆ ಗೊತ್ತುಮಾಡಿಕೊಳ್ಳುವುದನ್ನೂ ಮಾರುಕಟ್ಟೆ ಹಂಚಿಕೊಳ್ಳುವುದನ್ನೂ ನಿಷೇಧಿಸಿದವು. ಸರ್ಕಾರ ಅಳಿಸಿದ ಗಡಿಯನ್ನು ವ್ಯಾಪಾರಿಗಳೇ ಮತ್ತೆ ಎಳೆದರೆ ಏನು ಬಂತು? ಆದರೆ 1962ರ ನಿಯಮದಲ್ಲಿ ರೈತ ಸಂಘಗಳಿಗೆ ವಿನಾಯಿತಿ ಸಿಕ್ಕಿತು. ಎಲ್ಲರೂ ಒಂದೇ ಬೆಲೆಗೆ ಮಾರಬೇಕೆಂದು ಸದಸ್ಯರನ್ನು ಕಟ್ಟಿಹಾಕಬಾರದು ಎಂಬುದು ಅದರ ಷರತ್ತು. ನಮ್ಮಲ್ಲಂತೂ ಒಂದೊಂದು ಲಾಟಿಗೆ ಒಂದೊಂದು ದರ. ನಾವು ಒಂದಾದದ್ದರಿಂದಲೇ ಕೊಳ್ಳುವವರು ಒಬ್ಬರಿಗೊಬ್ಬರು ಎದುರಾಳಿಗಳಾದರು.

ಅಡಿಕೆಗೆ ನಮ್ಮದೊಂದೇ ಸಂಘವಲ್ಲ. ಶಿರಸಿಯ ಟಿಎಸ್‌ಎಸ್ 1923ರದು, ನಮಗಿಂತ ಹಿರಿದು. ಸಾಗರದಲ್ಲೇ ಆಪ್ಸ್‌ಕೋಸ್ ಇದೆ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರು ಕಟ್ಟಿದ ಕ್ಯಾಂಪ್ಕೊ ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರನ್ನು ಒಂದೇ ಸೂರಿನಡಿ ತಂದಿತು. ಇಷ್ಟು ಸಂಘಗಳು ಯಾಕೆ ಎಂದು ಕೇಳಬಾರದು. ನಮ್ಮ ಅಡಿಕೆಗೆ ಅವೂ ಪೈಪೋಟಿ ಒಡ್ಡಲಿ.

ಈಗ ಪೈಪೋಟಿಯ ಗಡಿ ಇನ್ನೂ ದೂರಕ್ಕೆ ಸರಿದಿದೆ. 2022ರಲ್ಲಿ ಕೇಂದ್ರ ಸರ್ಕಾರ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಕಟ್ಟಿಲ್ಲದೆ ತರಲು ಬಿಟ್ಟಿತು. 2023ರ ಫೆಬ್ರುವರಿಯಲ್ಲಿ ಆ ಕನಿಷ್ಠ ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಭೂತಾನಿನ ಕೃಷಿಕನ ಮೇಲೆ ನನಗೆ ಹಗೆಯಿಲ್ಲ, ಅವನೂ ಮರ ನಂಬಿ ಬದುಕುವವನೇ. ಅವನ ಹೆಸರು ಹೇಳಿ ಬೇರೆ ದೇಶದ ಅಡಿಕೆ ನುಸುಳಬಾರದು, ಅಷ್ಟೇ. ದೆಹಲಿಯಲ್ಲಿ ಈ ಮಾತನ್ನು ನಮ್ಮ ಸಂಘಗಳೆಲ್ಲ ಒಂದೇ ದನಿಯಲ್ಲಿ ಹೇಳಬೇಕಾಗಿದೆ.