ಸ್ಯಾಕ್ಸೋಫೋನಿನವರ ನಾಗಸ್ವರ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಮದುವೆಯ ಕಾಲದಲ್ಲಿ ನಾಲ್ಕು ದಿನ ಓಡಾಡಿದವರಿಗೆ ನಾನು ಬಿಡಿಸಿ ಹೇಳಬೇಕಾದ್ದಿಲ್ಲ. ಛತ್ರದ ಬಾಗಿಲಲ್ಲಿ ಇಂದು ಅತಿಥಿಗಳನ್ನು ಎದುರುಗೊಳ್ಳುವುದು ಅನೇಕ ಕಡೆ ನಾಗಸ್ವರವಲ್ಲ, ಸ್ಯಾಕ್ಸೋಫೋನು. ಮಿರುಗುವ ಹಿತ್ತಾಳೆಯ ಆ ಬಾಗಿದ ಕೊಳವೆಯನ್ನು ಕೊರಳಿಗೆ ತೂಗುಹಾಕಿಕೊಂಡು, ಜರಿಯ ಕೋಟು ತೊಟ್ಟು, ಬಣ್ಣದ ದೀಪಗಳ ನಡುವೆ ನಿಂತು ನುಡಿಸುವ ತರುಣರಲ್ಲಿ ಒಬ್ಬಾತ ನನ್ನ ಹಳೆಯ ವಿದ್ಯಾರ್ಥಿ. ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಆತ ದೊಡ್ಡ ಹೆಸರುಗಾರ. ಆತನ ಬಿಡುವು ನೋಡಿಕೊಂಡು ಲಗ್ನದ ದಿನ ಗೊತ್ತುಮಾಡಿದ ಮನೆಯನ್ನೂ ನಾನು ಬಲ್ಲೆ.

ಕಳೆದ ಬೇಸಗೆಯಲ್ಲಿ ಆತ ಸಿಕ್ಕಿ, "ಸಾರ್, ಶನಿವಾರ ಸಂಜೆ ಶ್ರೀನಿವಾಸಪುರದ ಕಡೆ ಬನ್ನಿ. ನುಡಿಸ್ತೀನಿ. ಆದ್ರೆ ಸ್ಯಾಕ್ಸೋಫೋನ್ ಅಲ್ಲ," ಎಂದ.

"ಮತ್ತೇನಯ್ಯಾ?"

"ನಾಗಸ್ವರ. ಹತ್ತು ಜನ ಬರ್‍ತಾರೆ. ನೀವು ಬಂದ್ರೆ ಹನ್ನೊಂದು."

ಪಶ್ಚಿಮ ದೇಶಗಳ ರಾಕ್ ಸಂಗೀತಗಾರರಲ್ಲಿ ಇಂಥದೊಂದು ವಾಡಿಕೆಯುಂಟೆಂದು ಓದಿದ್ದೆ. ಹತ್ತಾರು ಸಾವಿರ ಜನರ ಮುಂದೆ ನುಡಿಸಿ ಜಗತ್ಪ್ರಸಿದ್ಧರಾದವರು ಇದ್ದಕ್ಕಿದ್ದಂತೆ ಬೇರೊಂದು ಗುಂಪು ಕಟ್ಟಿಕೊಂಡು ಚಿಕ್ಕದೊಂದು ಕೋಣೆಯಲ್ಲಿ ತಮಗೆ ಬೇಕಾದುದನ್ನು ನುಡಿಸಿಕೊಳ್ಳುತ್ತಾರೆ. ಬೀಟಲ್ಸ್ ತಂಡದಲ್ಲಿದ್ದ ಪಾಲ್ ಮೆಕಾರ್ಟ್ನಿ 1972ರ ಫೆಬ್ರವರಿಯಲ್ಲಿ ಹೊಸ ಗೆಳೆಯರೊಡನೆ ವ್ಯಾನು ಹತ್ತಿ, ಮೊದಲೇ ಪ್ರಕಟಣೆ ಕೊಡದೆ, ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ಇಳಿದು ಅಲ್ಲಿನ ವಿದ್ಯಾರ್ಥಿಗಳ ಮುಂದೆ ಹಾಡಿದ್ದುಂಟು. ಅದು ಇಂಗ್ಲೆಂಡಿನ ಮಾತಾಯಿತು. ನಮ್ಮ ಮಾವಿನ ತೋಪಿನ ನಡುವೆ ಅದೇ ಬಗೆಯದೊಂದು ನಡೆಯಬಹುದೆಂದು ನಾನು ಎಣಿಸಿರಲಿಲ್ಲ. ಆ ಸಂಜೆಯ ಕಥೆಯನ್ನು ಹೇಳುವ ಮೊದಲು ಈ ಎರಡು ವಾದ್ಯಗಳು ಕನ್ನಡನಾಡಿನಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬಂದ ಬಗೆಯನ್ನು ಸ್ವಲ್ಪ ಹೇಳಬೇಕು. ವಾಚಕರು ತಾಳ್ಮೆ ವಹಿಸಬೇಕು.

ಸ್ಯಾಕ್ಸೋಫೋನನ್ನು ನಿರ್ಮಿಸಿದಾತ ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್. ಪ್ಯಾರಿಸ್ಸಿನಲ್ಲಿ 1846ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಬಯಲಿನಲ್ಲಿ ನಡೆಯುವ ಸೈನ್ಯದ ಬ್ಯಾಂಡಿಗೆ ಒಪ್ಪುವಂಥ ಗಟ್ಟಿ ದನಿ ಅದಕ್ಕಿತ್ತು. ನಾಗಸ್ವರವೂ ಬಯಲಿನ ವಾದ್ಯವೇ. ರಥದ ಮುಂದೆ, ದಿಬ್ಬಣದ ಮುಂದೆ, ಊರೆಲ್ಲ ಕೇಳುವಂತೆ ಊದತಕ್ಕದ್ದು. ಸಾಮ್ಯ ಇಲ್ಲಿಗೆ ಮುಗಿಯುತ್ತದೆ. ನಾಗಸ್ವರದಲ್ಲಿ ಬೆರಳು ನೇರವಾಗಿ ರಂಧ್ರದ ಮೇಲಿರುತ್ತದೆ. ಅರ್ಧ ಮುಚ್ಚಬಹುದು, ಕಾಲು ಮುಚ್ಚಬಹುದು, ಜೀವಾಳಿಯ ಮೇಲೆ ತುಟಿಯನ್ನು ಬಿಗಿದು ಸಡಿಲಿಸಿ ಸ್ವರವನ್ನು ತೂಗಾಡಿಸಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಲೋಹದ ಕೀಲಿಗಳಿವೆ. ಒಂದು ಸ್ವರದಿಂದ ಮತ್ತೊಂದಕ್ಕೆ ಮೆಟ್ಟಿಲೇರಿದಂತೆ ಹೋಗಲು ಮಾಡಿದ ವಾದ್ಯ ಅದು. ಜಾರುಬಂಡೆ ಬೇಕೆನ್ನುವ ನಮ್ಮ ಗಮಕಕ್ಕೆ ಅದು ಒಗ್ಗುವುದು ಎಷ್ಟು ಕಷ್ಟವೆಂಬುದನ್ನು ಬಲ್ಲವರು ಬಲ್ಲರು.

ಆ ಕಷ್ಟವನ್ನು ಗೆದ್ದವರು ಕದ್ರಿ ಗೋಪಾಲನಾಥರು. 1949ರಲ್ಲಿ ದಕ್ಷಿಣ ಕನ್ನಡದ ಬಂಟವಾಳ ತಾಲ್ಲೂಕಿನ ಸಜೀಪಮೂಡದಲ್ಲಿ ಹುಟ್ಟಿದ ಅವರ ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗನೂ ಅದನ್ನೇ ಹಿಡಿಯಬೇಕಾಗಿತ್ತು. ಆದರೆ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನಿನ ನಾದ ಕೇಳಿ ಹುಡುಗನ ಮನಸ್ಸು ಅತ್ತ ತಿರುಗಿತು. ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಮುಂದೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತು, ಆ ಹಿತ್ತಾಳೆಯ ಕೊಳವೆಯಿಂದ ಕರ್ನಾಟಕ ಸಂಗೀತವನ್ನು ಹೊರಡಿಸಿದರು. 1980ರಲ್ಲಿ ಬೊಂಬಾಯಿಯ ಜಾಸ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಜಾನ್ ಹ್ಯಾಂಡಿ ವೇದಿಕೆಯ ಮೇಲೆ ಅವರೊಡನೆ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅವರ ಕಚೇರಿಯಾಯಿತು. 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡಾಗ, ನಮ್ಮ ಜಿಲ್ಲೆಯ ಛತ್ರಗಳಲ್ಲಿ ಸ್ಯಾಕ್ಸೋಫೋನು ಊದುತ್ತಿದ್ದ ಹುಡುಗರು ತಮ್ಮ ಮನೆಯ ಹಿರಿಯರು ಹೋದಷ್ಟು ಸಂಕಟಪಟ್ಟರು. ಇದು ನಾನು ಕಣ್ಣಾರೆ ಕಂಡದ್ದು.

ನಾಗಸ್ವರದ ಮನೆಯಿಂದ ಸ್ಯಾಕ್ಸೋಫೋನಿನತ್ತ ನಡೆದ ಈ ಯಾತ್ರೆ ಎಲ್ಲರಿಗೂ ತಿಳಿದದ್ದು. ಅದೇ ದಾರಿಯಲ್ಲಿ ಎದುರು ದಿಕ್ಕಿನಿಂದ ಬಂದವನೊಬ್ಬನುಂಟು. ಆತನ ಹೆಸರು ನಮ್ಮಲ್ಲಿ ಅಷ್ಟಾಗಿ ಬಳಕೆಯಲ್ಲಿಲ್ಲ: ಚಾರ್ಲಿ ಮರಿಯಾನೋ.

ಈತ ಅಮೆರಿಕದ ಬೋಸ್ಟನ್ ನಗರದಲ್ಲಿ 1923ರಲ್ಲಿ ಇಟಲಿಯಿಂದ ವಲಸೆ ಬಂದವರ ಮನೆಯಲ್ಲಿ ಹುಟ್ಟಿದವನು. ಸ್ಯಾಕ್ಸೋಫೋನಿನಲ್ಲಿ ಮೊದಲ ಪಂಕ್ತಿಯ ಕಲಾವಿದ. ಸ್ಟ್ಯಾನ್ ಕೆಂಟನ್ನನ ದೊಡ್ಡ ವಾದ್ಯವೃಂದದಲ್ಲಿದ್ದ. 1963ರಲ್ಲಿ ಚಾರ್ಲ್ಸ್ ಮಿಂಗಸ್ಸನ ಹೆಸರಾಂತ ಧ್ವನಿಮುದ್ರಿಕೆಯೊಂದರಲ್ಲಿ ನುಡಿಸಿದ. ಗೋಪಾಲನಾಥರ ಪಕ್ಕದಲ್ಲಿ ನಿಂತು ನುಡಿಸಿದ ಜಾನ್ ಹ್ಯಾಂಡಿಯೂ ಅದೇ ಮಿಂಗಸ್ಸನ ತಂಡದಿಂದಲೇ ಬಂದವನೆಂಬುದು ಒಂದು ಸೋಜಿಗ. ಅರವತ್ತರ ದಶಕದಲ್ಲಿ ಮಲೇಷಿಯಾದ ರೇಡಿಯೋ ವಾದ್ಯವೃಂದಕ್ಕೆ ಪಾಠ ಹೇಳಲು ಹೋದ ಮರಿಯಾನೋ ಅಲ್ಲಿ ನಾಗಸ್ವರವನ್ನು ಕೇಳಿದ. ಅಷ್ಟೇ ಸಾಕಾಯಿತು. ಪಾಠ ಹೇಳಲು ಹೋದವನು ಪಾಠ ಹೇಳಿಸಿಕೊಳ್ಳಲು ಕುಳಿತ; ಮುಂದೆ ದಕ್ಷಿಣ ಭಾರತಕ್ಕೇ ಬಂದು ಗುರುವಿನ ಬಳಿ ಆ ವಾದ್ಯವನ್ನು ಅಭ್ಯಾಸಮಾಡಿದ. ಆಗ ಆತನಿಗೆ ವಯಸ್ಸು ನಲವತ್ತು ದಾಟಿತ್ತು. ನಲವತ್ತು ದಾಟಿದ ನಾನು ಹೊಸದಾಗಿ ಒಂದು ಲಿಪಿಯನ್ನು ಕಲಿಯಲು ಹಿಂಜರಿಯುತ್ತಿದ್ದೇನೆ.

ಜರ್ಮನಿಯ ಎಂಬ್ರಿಯೋ ಎಂಬ ರಾಕ್ ತಂಡದಲ್ಲಿ ಆತ ಸೇರಿದ್ದ. 1973ರ ಅವರ 'ವಿ ಕೀಪ್ ಆನ್' ಎಂಬ ಮುದ್ರಿಕೆಯಲ್ಲಿ ಗಿಟಾರು ಡ್ರಮ್ಮುಗಳ ನಡುವೆ ಆತನ ನಾಗಸ್ವರವುಂಟು. 1978ರಲ್ಲಿ ಎಂಬ್ರಿಯೋ ತಂಡದವರು ಬಸ್ಸುಗಳಲ್ಲಿ ಇರಾನ್, ಅಫಘಾನಿಸ್ಥಾನಗಳ ಮೂಲಕ ಭಾರತಕ್ಕೆ ಹೊರಟರು. ಅವರಿಗೂ ಮರಿಯಾನೋನಿಗೂ ನಂಟು ಬೆಳೆದದ್ದು ಬೆಂಗಳೂರಿನ ಒಂದು ಸಂಗೀತಶಾಲೆಯೊಡನೆ: 1964ರಲ್ಲಿ ಆರಂಭವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಮೃದಂಗ, ಘಟ, ಖಂಜಿರ ಕಲಿಸುವ ಶಾಲೆ. ಅದನ್ನು ನಡೆಸಿದ ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ, ಅವರ ಪತ್ನಿ ಗಾಯಕಿ ಆರ್.ಎ. ರಮಾಮಣಿ ಮತ್ತು ಜೊತೆಗಾರರೊಡನೆ ಮರಿಯಾನೋ ನುಡಿಸಿದ 'ಜ್ಯೋತಿ' 1983ರಲ್ಲಿ ಜರ್ಮನಿಯಲ್ಲಿ ಹೊರಬಂತು. ಅದರಲ್ಲಿ ಆತ ನಾಗಸ್ವರವನ್ನು ಮುಟ್ಟಿಲ್ಲ. ನುಡಿಸಿರುವುದು ಕೊಳಲು ಮತ್ತು ನೇರ ಕೊಳವೆಯ ಸೊಪ್ರಾನೋ ಸ್ಯಾಕ್ಸೋಫೋನು. ಆದರೂ ಕಣ್ಣು ಮುಚ್ಚಿ ಕೇಳಿದರೆ, ಸ್ವರವನ್ನು ಹಿಡಿಯುವ ಮುನ್ನ ಅದರ ಸುತ್ತ ಒಮ್ಮೆ ಸುಳಿದುಬರುವ ಆ ಕ್ರಮ ಎಲ್ಲಿಂದ ಬಂತೆಂದು ಯಾರೂ ಹೇಳಿಕೊಡಬೇಕಾಗಿಲ್ಲ. 1998ರ ಆತನ ಇನ್ನೊಂದು ಮುದ್ರಿಕೆಗೆ ಹೆಸರೇ 'ಬೆಂಗಳೂರು'. 2009ರಲ್ಲಿ ಕಲೋನ್ ನಗರದಲ್ಲಿ ಆತ ತೀರಿಕೊಂಡ.

ಸ್ಯಾಕ್ಸೋಫೋನಿನಿಂದ ಆತನಿಗೆ ಹೆಸರೂ ಅನ್ನವೂ ಬಂತು. ನಾಗಸ್ವರದಿಂದ ಹೆಸರು ಹೆಚ್ಚಾಯಿತೆಂದು ನನಗೆ ತೋರುವುದಿಲ್ಲ.

ಇನ್ನು ನನ್ನ ಸ್ವಂತ ಮಾತು. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಹದಿನಾರು ವರ್ಷಗಳ ಹಿಂದೆ ಕೋಲಾರದ ಒಂದು ಛತ್ರದಲ್ಲಿ ನನ್ನ ತಂಗಿಯ ಮದುವೆಯಾಯಿತು. ವಾಲಗಕ್ಕೆ ಬಂದಿದ್ದವರು ಈ ವಿದ್ಯಾರ್ಥಿಯ ತಂದೆ; ಆಗ ನನಗೆ ಆ ಹುಡುಗನ ಪರಿಚಯವಿರಲಿಲ್ಲ. ನಮ್ಮ ಕಡೆ ವಾಲಗದವರು ಬಹುಮಟ್ಟಿಗೆ ಸವಿತಾ ಸಮಾಜದವರು. ಅವರ ಗಟ್ಟಿಮೇಳವಿಲ್ಲದೆ ತಾಳಿ ಕಟ್ಟುವಂತಿಲ್ಲ. ಅವರಿಗೆ ಎಲೆ ಹಾಕುತ್ತಿದ್ದದ್ದು ಮಾತ್ರ ಎಲ್ಲರ ಊಟವಾದ ಮೇಲೆ. ನಮ್ಮ ಮದುವೆಯಲ್ಲೂ ಹಾಗೆಯೇ ಆಯಿತು. ಸಂಜೆಯ ಆರತಕ್ಷತೆಗೆ ಆರ್ಕೆಸ್ಟ್ರಾದವರು ಬಂದಿದ್ದರು. ಹಿರಿಯರು ಒಂದು ಮೂಲೆಯಲ್ಲಿ ಕುಳಿತು ಕಲ್ಯಾಣಿಯನ್ನು ಎತ್ತಿಕೊಂಡಿದ್ದರು. ಆಗ ತಾನೇ ಮೇಲಿನ ಷಡ್ಜವನ್ನು ಮುಟ್ಟಲು ಹೊರಟಿದ್ದರು. ಆರ್ಕೆಸ್ಟ್ರಾ ಹುಡುಗರು ಅವಸರಪಡಿಸಿದರೆಂದು ನಾನು ಹೋಗಿ, "ಸಾಕು ಯಜಮಾನ್ರೇ, ನಿಲ್ಸಿ," ಎಂದೆ. ಅವರು ವಾದ್ಯವನ್ನು ಬಾಯಿಂದ ತೆಗೆದು, ತುದಿಯ ಜೀವಾಳಿಯನ್ನು ಬಿಚ್ಚಿ, ಪಂಚೆಯ ಅಂಚಿನಲ್ಲಿ ಒರಸಿ ಒಳಗಿಟ್ಟರು. ನನ್ನನ್ನು ನೋಡಲೂ ಇಲ್ಲ, ಏನೂ ಆಡಲೂ ಇಲ್ಲ.

ನಾನು ಕನ್ನಡ ಎಂ.ಎ. ಮಾಡಿದವನು. ಶಾಸನಗಳಲ್ಲಿ ಸಾಮಂತರ ಬಿರುದುಗಳಿಗೆ ಮೊದಲು ಪಂಚಮಹಾಶಬ್ದದ ಗೌರವ ಬರುವುದನ್ನು ವಿದ್ಯಾರ್ಥಿಗಳಿಗೆ ವಿವರಿಸುತ್ತೇನೆ. ವಾದ್ಯ ನುಡಿಸಿಕೊಳ್ಳುವ ಹಕ್ಕೇ ಅಂದು ದೊಡ್ಡಸ್ತಿಕೆಯಾಗಿತ್ತೆಂದು ಹೇಳುತ್ತೇನೆ. ಮುಳಬಾಗಿಲಿನ ಡಿ.ವಿ.ಜಿ.ಯವರು 'ಜ್ಞಾಪಕ ಚಿತ್ರಶಾಲೆ'ಯ ಒಂದು ಸಂಪುಟವನ್ನೇ ಕಲೋಪಾಸಕರಿಗೆ ಮೀಸಲಿಟ್ಟುದನ್ನೂ, ಮಾಲೂರು ಸೀಮೆಯ ಮಾಸ್ತಿಯವರು ಸಂಗೀತಗಾರನೊಬ್ಬನನ್ನು ನಾಯಕನನ್ನಾಗಿಸಿ 'ಸುಬ್ಬಣ್ಣ' ಬರೆದುದನ್ನೂ ಅಭಿಮಾನದಿಂದ ಪಾಠಮಾಡುತ್ತೇನೆ. ಆ ಬಾಯಿಂದಲೇ ಆ ಮಾತು ಬಂದದ್ದು.

ಶನಿವಾರ ಹೋದೆ. ಶ್ರೀನಿವಾಸಪುರದಿಂದ ಆಟೋದಲ್ಲಿ ಸ್ವಲ್ಪ ದೂರ. ಎರಡೂ ಕಡೆ ಮಾವಿನ ತೋಪು, ಕೊಯ್ಲು ಇನ್ನೂ ಮುಗಿದಿರಲಿಲ್ಲ. ಚಿಕ್ಕದೊಂದು ಗುಡಿ, ಮುಂದೆ ತಗಡು ಹೊದಿಸಿದ ಜಗಲಿ. ಕೇಳುಗರು ಹತ್ತು ಜನವೂ ಇರಲಿಲ್ಲ, ಏಳೇ. ಧ್ವನಿವರ್ಧಕವಿಲ್ಲ. ಹುಡುಗ ಜರಿಯ ಕೋಟಿಲ್ಲದೆ ಬಿಳಿಯ ಪಂಚೆಯಲ್ಲಿ ಕುಳಿತಿದ್ದ. ಪಕ್ಕದಲ್ಲಿ ಬಲಗೈ ಬೆರಳಿಗೆ ಕವಚ ಹಾಕಿಕೊಂಡು ಡೋಲಿನವನು. ಕಂಬಕ್ಕೆ ಒರಗಿ ಆ ಹಿರಿಯರು. ಹಲ್ಲು ಬಿದ್ದುಹೋದ ಮೇಲೆ ಜೀವಾಳಿ ನಿಲ್ಲುವುದಿಲ್ಲವೆಂದು ಅವರು ಊದುವುದನ್ನು ಬಿಟ್ಟಿದ್ದರು.

ಮೊದಲು ಮಲ್ಲಾರಿ. ದೇವರ ಉತ್ಸವ ಹೊರಡುವಾಗ ಗಂಭೀರನಾಟದಲ್ಲಿ ನುಡಿಸುವ ಆ ಬಗೆಯನ್ನು ಅಷ್ಟು ಹತ್ತಿರದಿಂದ ನಾನು ಕೇಳಿರಲಿಲ್ಲ. ಎದೆಗೆ ತಗಲುತ್ತದೆ. ಹುಡುಗನ ಕೈ ಅಲ್ಲಲ್ಲಿ ತಡವರಿಸಿತೆಂಬುದನ್ನು ಮುಚ್ಚಿಡಲಾರೆ. ಛತ್ರದಲ್ಲಿ ಸ್ಯಾಕ್ಸೋಫೋನು ನುಡಿಸುವಾಗ ಆತನ ಮುಖದಲ್ಲಿರುವ ನಗು ಇಲ್ಲಿರಲಿಲ್ಲ; ಪರೀಕ್ಷೆಗೆ ಕುಳಿತವನ ಮುಖವಿತ್ತು. ತಪ್ಪಿದಾಗ ತಂದೆ ತೊಡೆಯ ಮೇಲಿನ ಕೈಯನ್ನು ಒಂದಿಷ್ಟು ಎತ್ತುವರು. ಮಗ ಹಿಂದಕ್ಕೆ ಹೋಗಿ ಮತ್ತೆ ನುಡಿಸುವನು.

ನಡುವೆ ನಿಲ್ಲಿಸಿದಾಗ ನಾನು ಕೇಳಿದೆ: "ಇದನ್ನೇ ಮದುವೆಗಳಲ್ಲಿ ಯಾಕೆ ನುಡಿಸೋದಿಲ್ಲ?"

"ಕೀಬೋರ್ಡಿಗೆ ಶ್ರುತಿ ಕೂಡೋಲ್ಲ ಸಾರ್. ಸಿನಿಮಾ ಹಾಡು ಕೇಳ್ತಾರೆ. ಸ್ಯಾಕ್ಸೋಫೋನ್ ಅಂದ್ರೆ ಮರ್ಯಾದೆ ಬೇರೆ, ಮೊದಲನೇ ಪಂಕ್ತೀಲೇ ಊಟಕ್ಕೆ ಕರೀತಾರೆ."

ನನ್ನ ಫೋನಿನಲ್ಲಿ 'ಜ್ಯೋತಿ' ಇತ್ತು. ಹಿರಿಯರ ಕಿವಿಯ ಬಳಿ ಹಿಡಿದೆ. ಬಹಳ ಹೊತ್ತು ಕೇಳಿದರು. ಯಾರು ಊದಿದ್ದೆಂದು ಹೇಳಿದೆ.

"ವಾದ್ಯ ನಮ್ದಲ್ಲ ಸ್ವಾಮಿ," ಎಂದರು. "ಉಸಿರು ಕಲ್ತಿರೋದು ನಮ್ಮೋರ ಹತ್ರಾನೇ."

ಆಮೇಲೆ ಫೋನನ್ನು ನನ್ನ ಕೈಗೆ ಕೊಡುತ್ತ, "ನಿಮ್ಮ ತಂಗಿಯೋರು ಚೆನ್ನಾಗಿದಾರಾ? ಮಕ್ಕಳೆಷ್ಟು?" ಎಂದು ಕೇಳಿದರು. ಇಬ್ಬರು ಎಂದೆ. ಹೇಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಮಾತು ಗಂಟಲಲ್ಲೇ ಉಳಿಯಿತು.

ಅವರು ಮಗನ ಕಡೆ ತಿರುಗಿ, "ಕಲ್ಯಾಣಿ ಎತ್ಕೋಪ್ಪಾ," ಎಂದರು. ಹುಡುಗ ಜೀವಾಳಿಯನ್ನು ನಾಲಗೆಯಿಂದ ಒದ್ದೆಮಾಡಿಕೊಂಡು ಮೆಲ್ಲನೆ ಕೆಳಗಿನಿಂದ ಹೊರಟ. ಕತ್ತಲಾಗಿತ್ತು. ಆಟೋದವನು ಒಮ್ಮೆ ಹಾರನ್ ಮಾಡಿದ. ನಾನು ಎದ್ದು ಹೋಗಿ ಆತನಿಗೆ ಬಾಡಿಗೆ ಕೊಟ್ಟು ಕಳಿಸಿ ಬಂದು ಕುಳಿತೆ.