ಅವತ್ತಿನ ಸಲಹೆ, ಇವತ್ತಿನ ಮಗು

ಕಳೆದ ವಾರ ಕಾರ್ಯಕ್ರಮ ಮುಗಿಸಿ ಮೇಕಪ್ ಒರೆಸಿಕೊಳ್ಳುತ್ತಿದ್ದೆ. ಒಬ್ಬ ತಾಯಿಯ ಫೋನ್ ಬಂತು. "ಸಾರ್, ಮೂರು ವರ್ಷ ಆಗೋವರೆಗೂ ಮಗುಗೆ ಕಡಲೆಕಾಯಿ ಕೊಡಲೇಬಾರದು ಅಂತ ನೀವೇ ವಿಡಿಯೋದಲ್ಲಿ ಹೇಳಿದ್ದೀರಿ. ನಮ್ಮ ಡಾಕ್ಟರ್ ಈಗಲೇ ಶುರು ಮಾಡಿ ಅಂತಾರೆ. ಯಾರನ್ನ ನಂಬಲಿ?"

ಹುಡುಕಿದೆ. ಮುಖ ನನ್ನದೇ. 2007ರ ಆರೋಗ್ಯ ಬುಲೆಟಿನ್ನಿನ ತುಣುಕು. ಯಾರೋ ತಾರೀಖು ಕತ್ತರಿಸಿ ವಾಟ್ಸಾಪ್‌ಗೆ ಬಿಟ್ಟಿದ್ದಾರೆ. ಹಾಗಾದ್ರೆ ನಾನು ಅವತ್ತು ಸುಳ್ಳು ಹೇಳಿದ್ನಾ? ಇಲ್ಲ. ಅಪಾಯ ಇರೋದೇ ಅಲ್ಲಿ.

ಸ್ವಲ್ಪ ಹಿಂದಕ್ಕೆ ಹೋಗೋಣ. ಅಲರ್ಜಿ, ಆಸ್ತಮಾ ಇರುವ ಮನೆಗಳ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಬೇಡ ಎಂದು ಬ್ರಿಟನ್ 1998ರಲ್ಲಿ ಸಲಹೆ ಕೊಟ್ಟಿತು. 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಅದನ್ನೇ ಹೇಳಿತು. ಗಟ್ಟಿ ಪುರಾವೆ ಇರಲಿಲ್ಲ. ದೇಹಕ್ಕೆ ಪರಿಚಯವೇ ಆಗದಿದ್ದರೆ ಜಗಳವೂ ಇಲ್ಲ ಅನ್ನೋ ತರ್ಕ ಇತ್ತು, ಅಷ್ಟೇ. ನಾನು ಓದಿದ್ದೂ ಅದನ್ನೇ.

ಆದರೆ ಆಗಿದ್ದೇನು? ಅಮೆರಿಕದ ದೂರವಾಣಿ ಸಮೀಕ್ಷೆಗಳಲ್ಲಿ ಕಡಲೆಕಾಯಿ ಅಲರ್ಜಿ ಇದೆ ಎಂದ ಮಕ್ಕಳ ಪ್ರಮಾಣ 1997ರಲ್ಲಿ ಶೇ. 0.4 ಇತ್ತು, 2008ಕ್ಕೆ ಶೇ. 1.4 ಆಯಿತು. ಅದೇ 2008ರಲ್ಲಿ ಲಂಡನ್ನಿನ ವೈದ್ಯ ಗಿಡಿಯನ್ ಲ್ಯಾಕ್ ಅವರ ತಂಡ ಬ್ರಿಟನ್ನಿನ ಯಹೂದಿ ಮಕ್ಕಳನ್ನೂ ಇಸ್ರೇಲಿನ ಮಕ್ಕಳನ್ನೂ ಹೋಲಿಸಿ ನೋಡಿತು. ಬ್ರಿಟನ್ನಿನಲ್ಲಿ ಶೇ. 1.85, ಇಸ್ರೇಲಿನಲ್ಲಿ ಬರೀ ಶೇ. 0.17! ಇಸ್ರೇಲಿನ ಕೂಸುಗಳು ಮೊದಲ ವರ್ಷದಲ್ಲೇ 'ಬಾಂಬಾ' ಎಂಬ ಕಡಲೆಕಾಯಿ ತಿಂಡಿ ಚಪ್ಪರಿಸುತ್ತವೆ.

ಅಮೆರಿಕ 2008ರಲ್ಲಿ, ಬ್ರಿಟನ್ 2009ರಲ್ಲಿ ಹಳೇ ಸಲಹೆಯನ್ನ ವಾಪಸ್ ಪಡೆದವು. 2015ರಲ್ಲಿ ಲ್ಯಾಕ್ ತಂಡದ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ತೀವ್ರ ಎಸ್ಜಿಮಾ ಅಥವಾ ಮೊಟ್ಟೆ ಅಲರ್ಜಿ ಇದ್ದ, 4ರಿಂದ 11 ತಿಂಗಳ 640 ಕೂಸುಗಳು. ಐದು ವರ್ಷ ತುಂಬುವ ಹೊತ್ತಿಗೆ, ಕಡಲೆಕಾಯಿ ದೂರ ಇಟ್ಟವರಲ್ಲಿ ಶೇ. 17.2 ಮಕ್ಕಳಿಗೆ ಅಲರ್ಜಿ. ತಿಂದವರಲ್ಲಿ ಶೇ. 3.2 ಮಾತ್ರ. 2017ರಲ್ಲಿ ಅಮೆರಿಕದ ಮಾರ್ಗಸೂಚಿಯೇ ತಿರುಗಿಬಿತ್ತು.

ವಿಜ್ಞಾನ ತನ್ನ ತಪ್ಪು ತಿದ್ದಿಕೊಂಡಿತು. ಆದರೆ ಮೊಬೈಲು? ಹಳೇ ಪುಸ್ತಕವಾದ್ರೆ ಹಾಳೆ ಹಳದಿಯಾಗುತ್ತೆ, ಒಂದಿನ ರದ್ದಿಗೆ ಹೋಗುತ್ತೆ. ಹಳೇ ವಿಡಿಯೋ ಹಳದಿಯಾಗಲ್ಲ ಸ್ವಾಮಿ. ಇವತ್ತು ಬೆಳಗ್ಗೆ ಮಾಡಿದ ಹಾಗೇ ಇರುತ್ತೆ.

ಹಂಗಂತ "ಬೇಗ ಕೊಡಿ" ಅನ್ನೋ ಹೊಸ ಮಾತನ್ನೂ ಅರ್ಧ ನಿಮಿಷದ ರೀಲ್ ನೋಡಿ ನಂಬಬೇಡಿ. ಆ ಪ್ರಯೋಗದಲ್ಲಿ ಮೊದಲು ಚರ್ಮದ ಪರೀಕ್ಷೆ ಮಾಡಿ, ಆಗಲೇ ಬಲವಾದ ಸೂಚನೆ ಕಂಡ ಕೂಸುಗಳನ್ನ ಹೊರಗಿಟ್ಟಿದ್ದರು. ರೀಲಿನಲ್ಲಿ ಅದು ಬರಲ್ಲ. ತೀವ್ರ ಎಸ್ಜಿಮಾ ಇರುವ ಕೂಸಿಗೆ, ಮೊಟ್ಟೆ ಆಗದ ಕೂಸಿಗೆ ವೈದ್ಯರನ್ನ ಕೇಳದೆ ಕೊಡುವಂತಿಲ್ಲ. ಅಲರ್ಜಿ ಈಗಾಗಲೇ ಇದ್ದರೆ ಮನೆಯಲ್ಲಿ ಪ್ರಯೋಗವೇ ಬೇಡ. ಇಡೀ ಕಾಳನ್ನಂತೂ ಯಾವ ಕೂಸಿಗೂ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ತಿಂದ ಮೇಲೆ ಮುಖ ಊದಿ ಉಸಿರು ಕಟ್ಟಿದರೆ ಬೇಕಾಗೋದು ಅಡ್ರಿನಲಿನ್ ಇಂಜೆಕ್ಷನ್. ಆಗ ಗೂಗಲ್ ಅಲ್ಲ, ಆಸ್ಪತ್ರೆ.

ಹಾಗಾಗಿ ಮೂರು ಪ್ರಶ್ನೆ ಕೇಳಿ. ಯಾರು ಹೇಳಿದ್ದು? ಯಾವಾಗ ಹೇಳಿದ್ದು? ಯಾವ ಮಗುವಿಗೆ ಹೇಳಿದ್ದು? ಮೂರಕ್ಕೂ ಉತ್ತರ ಇಲ್ಲದ ಸಲಹೆಯನ್ನ ಫಾರ್ವರ್ಡ್ ಮಾಡಬೇಡಿ, ಅದು ನನ್ನದೇ ಆದರೂ.

ಆ ತಾಯಿಗೆ ಹೇಳಿದೆ: "ನಿಮ್ಮ ಡಾಕ್ಟರ್ ಮಾತು ಕೇಳಮ್ಮ. ಅವರು ಮಗೂನ ನೋಡಿದ್ದಾರೆ, ನಾನು ನೋಡಿಲ್ಲ." ಮರುದಿನ ಹೊಸ ವಿಡಿಯೋ ಮಾಡಿದೆ. ಈ ಸಲ ತಾರೀಖನ್ನ ಪರದೆಯ ಮೂಲೆಗೆ ಬಿಡಲಿಲ್ಲ. ಮಾತಿನ ಮಧ್ಯೆಯೇ, ಬಾಯಿಬಿಟ್ಟು ಹೇಳಿದೆ.